ಹೊಕ್ಕುಳಬಳ್ಳಿಯ ಪುಟ

ಭಾನುವಾರ ಮೂರಕ್ಕೆ ಹತ್ತು ನಿಮಿಷ ಇರುವಾಗ ಸೊಸೆ ಊಟದ ತಟ್ಟೆಗಳನ್ನು ಸಿಂಕಿನಲ್ಲಿಟ್ಟು, ಕೈ ಒರೆಸಿಕೊಂಡು, ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಮೂರು ತಿಂಗಳಿಂದ ಇದು ಹೀಗೇ ನಡೆದಿತ್ತು. ಮೂರು ತಿಂಗಳೂ ದೊಡ್ಡ ಸಿಸ್ಟರ್ ಸುಮ್ಮನಿದ್ದರು. ಸುಮ್ಮನಿರುವುದು ಅವರ ಹುಟ್ಟುಗುಣವಲ್ಲ. ಮಗನ ಮುಖ ನೋಡಿ ಹೊಟ್ಟೆಗೆ ಹಾಕಿಕೊಂಡಿದ್ದರು, ಅಷ್ಟೆ.

ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ದೊಡ್ಡ ಸಿಸ್ಟರ್ ಎಂದು. ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಕೊನೆಯ ಹತ್ತು ವರ್ಷ ಆ ವಾರ್ಡನ್ನೇ ನಡೆಸಿ, ನಿವೃತ್ತಿಯಾಗಿ ಹನ್ನೆರಡು ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ಮಗನ ಮನೆಯೇ ಅವರಿಗೆ ವಾರ್ಡು. ಹಾಸಿಗೆಯ ಹೊದಿಕೆ ಆಸ್ಪತ್ರೆಯಲ್ಲಿದ್ದ ಹಾಗೇ ಮಡಿಸಿರಬೇಕು. ನೀರಿನ ಪಾತ್ರೆಗೆ ಮುಚ್ಚಳ ಇರಬೇಕು. ಯಾರ ಉಗುರೂ ಬೆಳೆದಿರಬಾರದು. ಮಗ ಲಿಫ್ಟ್ ರಿಪೇರಿ ಮಾಡುವವನು. ಅವನ ನೀಲಿ ಅಂಗಿ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆಯ ಬಿಳಿ ಕೋಟು, ಹನ್ನೊಂದು ವರ್ಷದ ಮೊಮ್ಮಗಳ ಶಾಲೆಯ ಬಟ್ಟೆ, ಮನೆಯ ದಿಂಬಿನ ಚೀಲಗಳು, ಎಲ್ಲವೂ ಭಾನುವಾರ ಮಧ್ಯಾಹ್ನ ಒಗೆದು, ಇಸ್ತ್ರಿಯಾಗಿ, ಬೀರು ಸೇರಬೇಕು. ಅತ್ತೆ ಸೊಸೆ ಇಬ್ಬರೂ ಎದುರುಬದುರು ನಿಂತು ಹೊದಿಕೆಯ ನಾಲ್ಕು ತುದಿ ಹಿಡಿದು ಮಡಿಸುತ್ತಿದ್ದರು. ಈಗ ಎದುರಿನ ಎರಡು ತುದಿ ಹಿಡಿಯುವವರಿಲ್ಲ.

"ಅಲ್ಲ ಕಣೋ, ಆ ಬಾಗಿಲ ಹಿಂದೆ ಏನು ನಡೀತಿದೆ?" ಅಂದು ಅವರು ಮಗನನ್ನು ಕೇಳಿಯೇಬಿಟ್ಟರು.

ಮಗ ತಟ್ಟೆ ಉಜ್ಜುತ್ತಿದ್ದ. "ಮೀಟಿಂಗು ಅಮ್ಮ. ವಿಶ್ವಕೋಶ ಬರೆಯೋರದ್ದು. ನಿನಗೆ ಹೇಳಿದ್ದೆನಲ್ಲ."

"ಹೇಳಿದ್ದೆ. ಅರ್ಥ ಆಗೋ ಹಾಗೆ ಹೇಳಲಿಲ್ಲ."

"ನನಗೆ ಅರ್ಥ ಆಗಿದ್ರೆ ತಾನೆ," ಎಂದ ಮಗ.

ಸಂಜೆ ಚಹಾದ ಹೊತ್ತಿಗೆ ಸೊಸೆ ಹೊರಗೆ ಬಂದಳು. ಮುಖದಲ್ಲಿ ಸಿನಿಮಾ ನೋಡಿ ಬಂದವರ ಕಳೆ. ಅದೇ ದೊಡ್ಡ ಸಿಸ್ಟರ್‌ಗೆ ಇನ್ನಷ್ಟು ಚುಚ್ಚಿತು.

"ಕೂತ್ಕೋ," ಎಂದರು. "ಏನದು, ನಂಗೊಂದು ಸಲ ಸರಿಯಾಗಿ ಹೇಳು."

ಸೊಸೆ ಲೋಟ ಹಿಡಿದು ಕೂತಳು. "ಇಂಟರ್ನೆಟ್ಟಲ್ಲಿ ಒಂದು ವಿಶ್ವಕೋಶ ಇದೆ ಅತ್ತೆ. ಯಾರು ಬೇಕಾದ್ರೂ ಓದಬಹುದು, ಯಾರು ಬೇಕಾದ್ರೂ ಬರೀಬಹುದು. ನಮ್ಮ ಭಾಷೇಲಿ ಬರೆಯೋರು ಇಪ್ಪತ್ತು ಜನ ವಾರಕ್ಕೊಂದು ಸಲ ಸೇರ್ತೀವಿ."

"ಯಾರು ಬೇಕಾದ್ರೂ ಬರೀಬಹುದು ಅಂದ್ರೆ ಏನು ಬೇಕಾದ್ರೂ ಬರೀತಾರೆ."

"ಅದಕ್ಕೇ ಸೇರೋದು. ಒಬ್ಬರು ಬರೆದದ್ದನ್ನ ಇನ್ನೊಬ್ಬರು ತಿದ್ದೋಕೆ."

"ಸಂಬಳ?"

"ಇಲ್ಲ."

"ಹೆಸರಾದ್ರೂ ಹಾಕ್ತಾರಾ?"

"ಪುಟದ ಮೇಲೆ ಹಾಕಲ್ಲ. ಹಿಂದೆ, ಯಾರು ಯಾವಾಗ ಬದಲಾಯಿಸಿದ್ರು ಅನ್ನೋ ಪಟ್ಟಿ ಇರುತ್ತೆ. ಅಲ್ಲೂ ಅಡ್ಡಹೆಸರೇ."

"ಒಟ್ಟಿನಲ್ಲಿ ಸಂಬಳ ಇಲ್ಲ, ಹೆಸರಿಲ್ಲ, ಮನೇಲಿ ಬಟ್ಟೆ ಒಣಗಿ ಕಲ್ಲಾಗ್ತಿದೆ. ನನಗೆ ಎಪ್ಪತ್ತು ಕಣಮ್ಮ. ಹೊದಿಕೇನ ಗೋಡೆಗೆ ಹೇಳ್ಲಾ ಹಿಡ್ಕೋ ಅಂತ?"

ಮೊಮ್ಮಗಳು ನಕ್ಕಳು. ಬಿಡುವಿಲ್ಲದೆ ಮಾತಾಡುವ ಹುಡುಗಿ. ಮನೆಯಲ್ಲಿ ಎಲ್ಲರೂ ಅವಳನ್ನು ಗಿಣಿ ಎನ್ನುತ್ತಿದ್ದರು. ಸೊಸೆ ನಗಲಿಲ್ಲ.

"ಅಂಗಡಿಗೆ ಒಬ್ಬ ಬಂದಿದ್ದ ಅತ್ತೆ. ಹೊಸದಾಗಿ ಅಪ್ಪ ಆದವನು. ಮಗೂಗೆ ಕಾಮಾಲೆ ಅಂತ ಚೀಟಿ ಹಿಡ್ಕೊಂಡು ನಡುಗ್ತಿದ್ದ. ಏನಿದು, ಸಾಯುತ್ತಾ ಮಗು ಅಂತ ನನ್ನ ಕೇಳ್ದ. ನಾನು ಮಾತ್ರೆ ಎಣಿಸಿ ಕೊಡೋಳು, ನನಗೇನು ಗೊತ್ತು? ಮೊಬೈಲಲ್ಲಿ ಹುಡುಕಿದೆ. ನಮ್ಮ ಭಾಷೇಲಿ ಮಂತ್ರ ತಂತ್ರ ಬಿಟ್ರೆ ಒಂದು ನೆಟ್ಟಗಿನ ಸಾಲು ಇರಲಿಲ್ಲ. ಅವತ್ತೇ ಶುರು ಮಾಡಿದ್ದು."

"ಮನೇಲಿ ನಾನಿದ್ದೆನಲ್ಲ, ಕೇಳಬಹುದಿತ್ತು."

"ಕೇಳಿದ್ದೆ. ನೀವು ಹೇಳಿದ್ದೂ ಸರಿಯಾಗೇ ಇತ್ತು. ಆದ್ರೆ ನಾನು ಕೇಳಿದ್ರೆ ನನಗೆ ಮಾತ್ರ ಗೊತ್ತಾಗುತ್ತೆ."

ಮಾತಿನಲ್ಲಿ ಸೋತಾಗ ದೊಡ್ಡ ಸಿಸ್ಟರ್ ಸಾಮಾನ್ಯವಾಗಿ ಪಾತ್ರೆ ಜೋಡಿಸಲು ಏಳುತ್ತಿದ್ದರು. ಈಗಲೂ ಎದ್ದರು.

ಮುಂದಿನ ಭಾನುವಾರ ಅವರು ಬೇಕೆಂದೇ ಬಟ್ಟೆಯ ಬುಟ್ಟಿಯನ್ನು ಕೋಣೆಯ ಬಾಗಿಲ ಬಳಿಯೇ ಇಟ್ಟುಕೊಂಡು ಕೂತರು. ಒಳಗಿನ ಮಾತು ಹೊರಗೆ ಕೇಳುತ್ತಿತ್ತು. ಒಬ್ಬ ನಿವೃತ್ತ ಭೂಗೋಳದ ಮೇಷ್ಟ್ರು ಸಭೆ ನಡೆಸುತ್ತಿದ್ದರು. ಗಡಿಯಾರ ರಿಪೇರಿ ಮಾಡುವವನೊಬ್ಬ ಜೀರುಂಡೆಗಳ ಬಗ್ಗೆ ತಾನು ಬರೆದದ್ದನ್ನು ಓದಿದ. ನಡುನಡುವೆ ಗಂಟಲು ಒಡೆದ ದನಿಯಲ್ಲಿ ಹಾಸ್ಟೆಲಿನ ವಿದ್ಯಾರ್ಥಿಯೊಬ್ಬ ಪ್ರಶ್ನೆ ಕೇಳುತ್ತಿದ್ದ. ಜೀರುಂಡೆಗೆ ಎಷ್ಟು ಕಾಲು ಎಂಬುದರ ಬಗ್ಗೆ ಇಷ್ಟು ಜನ ಇಷ್ಟು ಮರ್ಯಾದೆಯಿಂದ ಮಾತಾಡುವುದನ್ನು ದೊಡ್ಡ ಸಿಸ್ಟರ್ ಕೇಳಿರಲಿಲ್ಲ.

ಆಮೇಲೆ ಸೊಸೆಯ ಸರದಿ. ಅವಳು ಓದಿದಳು: "ಜನನಾನಂತರ ನಾಭಿರಜ್ಜುವಿನ ಬಂಧನ ಹಾಗೂ ಛೇದನವನ್ನು ಕನಿಷ್ಠ ಒಂದು ನಿಮಿಷದವರೆಗೆ ಮುಂದೂಡುವುದು..."

ದೊಡ್ಡ ಸಿಸ್ಟರ್ ಕೈಯಲ್ಲಿ ಒದ್ದೆ ದಿಂಬಿನ ಚೀಲ ಹಿಡಿದೇ ಬಾಗಿಲು ತಳ್ಳಿದರು.

"ಏನದು ನಾಭಿರಜ್ಜು? ಹೊಕ್ಕುಳಬಳ್ಳಿ ಅನ್ನೋಕೇನು ದಾಡಿ? ಹೆರಿಗೆ ನೋವು ತಿನ್ನೋಳ ಹತ್ರ ಹೋಗಿ ನಾಭಿರಜ್ಜು ಛೇದನ ಅಂದ್ರೆ ಅವಳು ಎದ್ದು ಓಡ್ತಾಳೆ."

ಪರದೆಯ ಮೇಲೆ ಹನ್ನೆರಡು ಚೌಕಗಳು, ಹನ್ನೆರಡು ಮುಖಗಳು. ಸೊಸೆಯ ಕಿವಿ ಕೆಂಪಾಯಿತು. "ನಮ್ಮ ಅತ್ತೆ," ಎಂದಳು. "ಹೆರಿಗೆ ವಾರ್ಡಲ್ಲಿ ಸಿಸ್ಟರ್ ಆಗಿದ್ರು."

ಬಿಳಿ ಗಡ್ಡದ ಮೇಷ್ಟ್ರು ಕನ್ನಡಕ ಏರಿಸಿಕೊಂಡರು. "ಬನ್ನಿ ಅಮ್ಮ, ಕೂತ್ಕೊಳ್ಳಿ. ನಿಮ್ಮಂಥವರಿಗೇ ಕಾಯ್ತಿದ್ವಿ. ಹೊಕ್ಕುಳಬಳ್ಳಿ ಸರಿ. ಬರ್ಕೊಳ್ಳಿ ಎಲ್ಲರೂ. ಜರಾಯು ಅಂತ ಹಾಕಿದೀವಲ್ಲ, ಅದಕ್ಕೇನಂತೀರಿ?"

"ಮಾಸು. ಇನ್ನೇನಂತಾರೆ?"

"ಮಾಸು," ಎಂದು ಹಾಸ್ಟೆಲಿನ ಹುಡುಗ ಹೊಸ ತಿಂಡಿಯ ರುಚಿ ನೋಡುವವನ ಹಾಗೆ ಹೇಳಿಕೊಂಡ.

ದೊಡ್ಡ ಸಿಸ್ಟರ್ ಕುರ್ಚಿಯ ಅಂಚಿಗೆ ಕೂತರು. ಹನ್ನೆರಡು ವರ್ಷದ ಮೇಲೆ ಯಾರೋ ಅವರನ್ನು ಕೆಲಸದ ಮಾತು ಕೇಳುತ್ತಿದ್ದರು. ಹುರುಪಿನಲ್ಲಿ ಮುಂದುವರಿಸಿದರು: "ಇನ್ನೊಂದು ತಪ್ಪಿದೆ. ಒಂದು ನಿಮಿಷ ಕಾಯೋದು ಅಂತ ಬರ್ದಿದಾಳೆ. ಕಾಯಬಾರದು. ಮಗು ಹೊರಗೆ ಬಂತಾ, ಹಿಡಿದು ಕಟ್ಟಿ ಕತ್ತರಿಸಬೇಕು."

ಸೊಸೆ ಮೆಲ್ಲಗೆ ಹೇಳಿದಳು: "ಇಲ್ಲ ಅತ್ತೆ. ಕಾಯಬೇಕು ಅಂತಲೇ ಇದೆ."

"ಅದಕ್ಕೆ ಆಧಾರ ಏನಾದ್ರೂ ಇದೆಯಾ ಅಮ್ಮ, ತಕ್ಷಣ ಕತ್ತರಿಸಬೇಕು ಅನ್ನೋದಕ್ಕೆ?" ಎಂದರು ಮೇಷ್ಟ್ರು.

"ಆಧಾರ ಇದು," ಎಂದು ದೊಡ್ಡ ಸಿಸ್ಟರ್ ಎರಡೂ ಕೈ ಎತ್ತಿ ಪರದೆಗೆ ತೋರಿಸಿದರು. "ಮೂವತ್ತನಾಲ್ಕು ವರ್ಷ."

"ನಿಮ್ಮ ಕೈ ಮೇಲೆ ನಮಗೆ ನಂಬಿಕೆ ಇದೆ. ಆದ್ರೆ ಓದೋರಿಗೆ ನಿಮ್ಮ ಕೈ ಕಾಣ್ಸಲ್ಲ. ಅವರಿಗೆ ಅಚ್ಚಾದ ಪುಸ್ತಕ ತೋರಿಸಬೇಕು."

ದೊಡ್ಡ ಸಿಸ್ಟರ್ ಎದ್ದು ಹೊರಗೆ ಬಂದರು. ಅಂದು ರಾತ್ರಿ ಊಟಕ್ಕೆ ಕೂತಾಗ ಸಾರು ಬಡಿಸಿಕೊಳ್ಳದೆ ಬರಿಯ ಅನ್ನದಲ್ಲೇ ಕೈಯಾಡಿಸುತ್ತಿದ್ದರು.

"ನನ್ನ ಮನೇಲಿ ಕೂತು ನನ್ನನ್ನೇ ಸಾಕ್ಷಿ ಕೇಳ್ತಾರೆ."

"ನನ್ನನ್ನೂ ಕೇಳ್ತಾರೆ ಅತ್ತೆ," ಎಂದಳು ಸೊಸೆ. "ಪ್ರತಿ ಸಾಲಿಗೂ ಕೇಳ್ತಾರೆ. ಮೇಷ್ಟ್ರನ್ನೂ ಕೇಳ್ತಾರೆ. ಅಲ್ಲಿ ಯಾರೂ ದೊಡ್ಡೋರಲ್ಲ."

"ನಾನು ಈ ಮನೆಯ ಲಿಫ್ಟಲ್ಲಿ ಎರಡು ಮಹಡಿ ಮಧ್ಯೆ ಸಿಕ್ಕಿಹಾಕ್ಕೊಂಡಿದೀನಿ," ಎಂದ ಮಗ. ಯಾರೂ ನಗದೆ ಇದ್ದದ್ದರಿಂದ ಮತ್ತೆ ಅನ್ನ ಹಾಕಿಕೊಂಡ.

ಸಾಕ್ಷಿ ಬೇಕಾದರೆ ಸಾಕ್ಷಿ. ಆ ವಾರವೆಲ್ಲ ದೊಡ್ಡ ಸಿಸ್ಟರ್ ಹಳೆಯ ಪೆಟ್ಟಿಗೆ ತೆಗೆದು ಹುಡುಕಿದರು. ತರಬೇತಿ ಶಾಲೆಯಲ್ಲಿ ಓದಿದ ಪಠ್ಯಪುಸ್ತಕ ಸಿಕ್ಕಿತು. ಬೆನ್ನು ಬಿಚ್ಚಿಹೋಗಿತ್ತು, ಅಂಚು ಇಲಿ ಕಡಿದಿತ್ತು, ಆದರೆ ನೂರ ಹನ್ನೆರಡನೆಯ ಪುಟ ಹಾಗೇ ಇತ್ತು. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯನ್ನು ಕಟ್ಟಿ ಕತ್ತರಿಸತಕ್ಕದ್ದು. ಕೆಳಗೆ ತಾವೇ ಇಪ್ಪತ್ಮೂರನೆಯ ವಯಸ್ಸಿನಲ್ಲಿ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದರು.

ಭಾನುವಾರ ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆ ಬಾಚಿಕೊಂಡು, ಸೊಸೆಗಿಂತ ಮೊದಲೇ ಕಂಪ್ಯೂಟರಿನ ಮುಂದೆ ಕೂತಿದ್ದರು. ಸಭೆ ಶುರುವಾದದ್ದೇ ತಡ, ಪುಟವನ್ನು ಪರದೆಗೆ ಹಿಡಿದು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, ಕನ್ನಡಕ ತೆಗೆದು, ಹಿಂದಕ್ಕೆ ಒರಗಿದರು.

ಮೇಷ್ಟ್ರು ಪರದೆಯ ಹತ್ತಿರಕ್ಕೆ ಬಾಗಿದರು. "ಯಾವ ವರ್ಷದ್ದು ಅಮ್ಮ ಪುಸ್ತಕ?"

"ನಾನು ತರಬೇತಿ ಸೇರಿದ ವರ್ಷದ್ದು. ನಲವತ್ತೇಳು ವರ್ಷ ಆಯ್ತು."

"ಈಚಿನ ಮಾರ್ಗದರ್ಶಿಗಳಲ್ಲಿ ಕಾಯಬೇಕು ಅಂತಲೇ ಇದೆಯಲ್ಲ," ಎಂದ ಹಾಸ್ಟೆಲಿನ ಹುಡುಗ, ಭಯಭಕ್ತಿಯಿಂದಲೇ.

ಗಡಿಯಾರದವನು ಸಮಾಧಾನ ಹೇಳಲು ಹೋದ. "ಪುಸ್ತಕದಲ್ಲಿ ದೋಷ ಇಲ್ಲ ಅಮ್ಮ. ಮುಳ್ಳು ಮುಂದಕ್ಕೆ ಹೋಗಿದೆ, ಅಷ್ಟೆ."

ಯಾರೋ ಒಂದು ಚೌಕದಲ್ಲಿ ನಕ್ಕರು. ಕೆಟ್ಟ ನಗೆಯಲ್ಲ, ಆ ಮಾತಿಗೆ ನಕ್ಕದ್ದು. ಆದರೆ ದೊಡ್ಡ ಸಿಸ್ಟರ್‌ಗೆ ಮೈಯೆಲ್ಲ ಉರಿದುಹೋಯಿತು. ಕೈ ಚಾಚಿ ಕಂಪ್ಯೂಟರಿನ ಮುಚ್ಚಳವನ್ನು ಪಟ್ಟನೆ ಮುಚ್ಚಿಬಿಟ್ಟರು. ಹನ್ನೆರಡು ಮುಖಗಳೂ ಒಟ್ಟಿಗೇ ಕತ್ತಲಾದವು.

ಹದಿಮೂರು ವರ್ಷದ ಸಂಸಾರದಲ್ಲಿ ಸೊಸೆ ಅತ್ತೆಯ ಎದುರು ದನಿ ಎತ್ತಿದ್ದು ಅದೇ ಮೊದಲು.

"ಅವರ ಮಾತು ನಿಲ್ಲಿಸಿದ್ದಲ್ಲ ಅತ್ತೆ ನೀವು. ನನ್ನ ಬಾಯಿ ಮುಚ್ಚಿದ್ದು."

"ನನ್ನನ್ನ ನೋಡಿ ನಗ್ತಾರೆ, ಸುಮ್ಮನಿರಬೇಕಾ?"

"ನಾನು ಬರೆದ ಮೊದಲನೇ ಪುಟ ಪೂರಾ ಅಳಿಸಿದ್ರು. ಗೊತ್ತಾ ನಿಮಗೆ? ಒಂದು ಸಾಲೂ ಉಳಿಸಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತುಬಿಟ್ಟೆ. ಮಾರನೇ ವಾರ ಮತ್ತೆ ಕೂತು ಬರೆದೆ." ಸೊಸೆ ಮುಚ್ಚಿದ ಕಂಪ್ಯೂಟರನ್ನು ತನ್ನ ಕಡೆ ಎಳೆದುಕೊಂಡಳು. "ನಾನೂ ಸಿಸ್ಟರ್ ಆಗಬೇಕು ಅಂತಿದ್ದೋಳು. ಅರ್ಜಿ ತುಂಬಿ ಇಟ್ಟಿದ್ದೆ. ಅಪ್ಪ ಹೋದ್ರು, ಅಂಗಡಿ ಸೇರಿದೆ. ಹದಿಮೂರು ವರ್ಷದಲ್ಲಿ ಒಂದು ಸಲನಾದ್ರೂ ಕೇಳಿದೀರಾ, ನೀನು ಏನಾಗಬೇಕು ಅಂತಿದ್ದೆ ಅಂತ?"

ಕೇಳಿರಲಿಲ್ಲ. ದೊಡ್ಡ ಸಿಸ್ಟರ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು. ಆಮೇಲೆ ತಮ್ಮ ಕೋಣೆಗೆ ಹೋದರು.

ಮುಂದಿನ ಎರಡು ದಿನ ಮನೆಯಲ್ಲಿ ಮಾತೆಲ್ಲ ಗಿಣಿಯ ಮೂಲಕವೇ ನಡೆಯಿತು.

"ಅಜ್ಜಿ, ಮೊಟ್ಟೆ ಬೇಯಿಸಲಾ ಹುರೀಲಾ ಅಂತ ಅಮ್ಮ ಕೇಳ್ತಿದಾಳೆ."

"ಅವಳಿಗೆ ಹೇಗೆ ಸುಲಭವೋ ಹಾಗೆ ಅನ್ನು."

"ಅಮ್ಮ, ಹೇಗೆ ಸುಲಭವೋ ಹಾಗಂತೆ. ನನಗೆ ಹುರಿದದ್ದು." ಗಿಣಿ ಹಿಂದಿರುಗಿ ಬಂದು ಅಜ್ಜಿಯ ಕಿವಿಯಲ್ಲಿ ಹೇಳಿದಳು: "ಅಮ್ಮ ಕೋಪದಲ್ಲಿಲ್ಲ. ಸುಮ್ಮನೆ ಬೇಜಾರಲ್ಲಿದಾಳೆ. ಅದು ಬೇರೆ."

ಬುಧವಾರ ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ದೊಡ್ಡ ಸಿಸ್ಟರ್ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು. ಮೇಷ್ಟ್ರಿಗೇನು ಗೊತ್ತು, ಗಡಿಯಾರದವನಿಗೇನು ಗೊತ್ತು. ವಾರ್ಡಿನಲ್ಲಿ ಕೇಳಿದರೆ ಮುಗಿಯಿತು.

ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿಗೆ ಈಗ ಹಸಿರು ಬಣ್ಣ ಬಳಿದಿದ್ದರು. ಡೆಟ್ಟಾಲಿನ ವಾಸನೆ ಮಾತ್ರ ಬದಲಾಗಿರಲಿಲ್ಲ. ವಾರ್ಡು ನಡೆಸುತ್ತಿದ್ದವಳು ಉದ್ದಜಡೆ. ತರಬೇತಿಗೆ ಬಂದ ಮೊದಲ ದಿನ ಜಡೆ ಇಳಿಬಿಟ್ಟುಕೊಂಡು ಬಂದು ದೊಡ್ಡ ಸಿಸ್ಟರ್ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡಿದ್ದರಿಂದ ಆ ಹೆಸರು. ಈಗ ಅವಳ ಕೂದಲು ಕತ್ತಿನವರೆಗೆ, ಅದರಲ್ಲಿ ಅರ್ಧ ಬೆಳ್ಳಗೆ.

"ಬನ್ನಿ ಸಿಸ್ಟರ್," ಎಂದು ಅವಳು ಎದ್ದು ನಿಂತು ತನ್ನ ಕುರ್ಚಿಯನ್ನೇ ಕೊಟ್ಟಳು.

ದೊಡ್ಡ ಸಿಸ್ಟರ್ ಕೂರಲಿಲ್ಲ. "ಒಂದೇ ಮಾತು ಕೇಳೋಕೆ ಬಂದೆ. ಮಗು ಹುಟ್ಟಿದ ಮೇಲೆ ಬಳ್ಳಿ ಯಾವಾಗ ಕತ್ತರಿಸ್ತೀರಿ?"

"ಒಂದರಿಂದ ಮೂರು ನಿಮಿಷ ಬಿಟ್ಟು. ಮಗು ಉಸಿರಾಡ್ತಿಲ್ಲ ಅಂದ್ರೆ ಬೇರೆ ಮಾತು. ನೀವು ಹೋದ ಮೇಲೆ ಬದಲಾಯ್ತು ಸಿಸ್ಟರ್. ನೋಡಿ, ಗೋಡೆ ಮೇಲಿದೆ."

ಗೋಡೆಯ ಮೇಲೆ ಚಿತ್ರ ಸಹಿತ ದೊಡ್ಡ ಹಾಳೆ. ದೊಡ್ಡ ಸಿಸ್ಟರ್ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು. ಮತ್ತೊಮ್ಮೆ ಓದಿದರು. ಬಳ್ಳಿ ಮಿಡಿಯುತ್ತಿರುವಷ್ಟು ಹೊತ್ತು ಮಾಸಿನಿಂದ ಮಗುವಿಗೆ ರಕ್ತ ಹರಿಯುತ್ತಿರುತ್ತದೆ, ಮುಂದೆ ತಿಂಗಳುಗಟ್ಟಲೆ ಮಗುವಿಗೆ ರಕ್ತ ಕಡಿಮೆಯಾಗದಂತೆ ಅದು ಕಾಯುತ್ತದೆ ಎಂದಿತ್ತು.

ಅವರಿಗೆ ಯಾವುದೋ ಮುಖ ನೆನಪಾಯಿತು. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ವಾರ್ಡಿನಲ್ಲಿ ಒಬ್ಬ ಮುದುಕಿ ಆಯಾ ಇದ್ದಳು. ಓದು ಬರಹ ಇಲ್ಲ. ಬಳ್ಳಿಯನ್ನು ಎರಡು ಬೆರಳಲ್ಲಿ ಹಿಡಿದು, "ಇನ್ನೂ ಕುಣೀತಾ ಇದೆ, ತಡಿ ಮಗಳೇ, ಬೆಳ್ಳಗಾಗ್ಲಿ," ಎನ್ನುತ್ತಿದ್ದಳು. ಕೈಯಲ್ಲಿ ಹೊಸ ಪುಸ್ತಕ, ತಲೆಯ ಮೇಲೆ ಹೊಸ ಟೋಪಿ ಇದ್ದ ದೊಡ್ಡ ಸಿಸ್ಟರ್ ಎಲ್ಲರೆದುರು ಅವಳನ್ನು ಗದರಿಸಿದ್ದರು. ಅವಳು ಮತ್ತೆ ಯಾವತ್ತೂ ಬಾಯಿ ತೆರೆಯಲಿಲ್ಲ.

"ಹಾಗಾದ್ರೆ ನಾನು ಕತ್ತರಿಸಿದ್ದೆಲ್ಲ?" ಎಂದರು ದೊಡ್ಡ ಸಿಸ್ಟರ್.

ಉದ್ದಜಡೆ ಅವರ ತೋಳು ಹಿಡಿದು ಕೂರಿಸಿದಳು. "ಆವತ್ತು ಎಲ್ಲ ಕಡೆ ಗೊತ್ತಿದ್ದದ್ದೇ ಅಷ್ಟು ಸಿಸ್ಟರ್. ನಾವೂ ಹಾಗೇ ಮಾಡಿದ್ವಿ. ನಿಮ್ಮ ಕೈಯಲ್ಲಿ ಹುಟ್ಟಿದೋರು ಈಗ ಹೆರಿಗೆಗೆ ಇಲ್ಲಿಗೇ ಬರ್ತಿದಾರೆ, ಗಟ್ಟಿಮುಟ್ಟಾಗಿ. ಗೊತ್ತಿಲ್ಲದಿದ್ರೆ ಕೇಳಿ, ಕೇಳೋಕೆ ನಾಚಬೇಡಿ ಅಂತ ನಮಗೆ ಕಲಿಸಿದ್ದೇ ನೀವು."

ಚಹಾ ಬಂತು. ಬಾಣಂತಿಯೊಬ್ಬಳ ಅಮ್ಮ ಬಾಗಿಲಲ್ಲಿ ಇಣುಕಿದಳು. ಮಗುವಿಗೆ ಕಾಮಾಲೆಯಂತೆ, ಗಾಬರಿ. ಉದ್ದಜಡೆ ಮೇಜಿನ ಖಾನೆಯಿಂದ ಎರಡು ಹಾಳೆ ತೆಗೆದು ಕೊಟ್ಟಳು. "ಇದನ್ನ ಓದಿ ಅಮ್ಮ. ಓದಿಯೂ ಏನಾದ್ರೂ ಕೇಳ್ಬೇಕು ಅನ್ನಿಸಿದ್ರೆ ಬನ್ನಿ." ಆಮೇಲೆ ದೊಡ್ಡ ಸಿಸ್ಟರ್ ಕಡೆ ತಿರುಗಿದಳು. "ಯಾರೋ ಪುಣ್ಯವಂತರು ಇಂಟರ್ನೆಟ್ಟಿನ ವಿಶ್ವಕೋಶದಲ್ಲಿ ಬರ್ದಿದಾರೆ. ಡಾಕ್ಟರಿಗೆ ತೋರಿಸಿದೆ, ಸರಿಯಾಗಿದೆ ಅಂದ್ರು. ಅಚ್ಚು ತೆಗೆಸಿ ಇಟ್ಕೊಂಡಿದೀನಿ. ನಮ್ಮ ಹುಡುಗೀರೂ ಇದನ್ನೇ ಓದ್ಕೊಳ್ತಾರೆ. ಎಷ್ಟು ತಿಳಿಯಾಗಿದೆ ಅಂತೀರಿ."

ದೊಡ್ಡ ಸಿಸ್ಟರ್ ಕೈ ಚಾಚಿ ಖಾನೆಯಿಂದ ಇನ್ನೊಂದು ಹಾಳೆ ತೆಗೆದುಕೊಂಡರು. ಮಗುವನ್ನು ಬೆಳಕಿನಲ್ಲಿ ಹಿಡಿದು, ಮೂಗಿನ ತುದಿಯನ್ನು ಬೆರಳಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಹಳದಿ ಕಾಣುತ್ತದೆ ಎಂದು ಬರೆದಿತ್ತು. ಈ ಮಾತನ್ನು ಅವರು ಒಮ್ಮೆ ಸೊಪ್ಪು ಬಿಡಿಸುತ್ತ ಸೊಸೆಗೆ ಹೇಳಿದ್ದರು. ಅದರ ಪಕ್ಕದಲ್ಲಿ ಸಣ್ಣ ಅಂಕಿ. ಕೆಳಗೆ ಆ ಅಂಕಿಗೆ ಯಾವುದೋ ಪುಸ್ತಕದ ಹೆಸರು, ಪುಟ. ಅವರ ಮಾತಿಗೆ ಸೊಸೆ ಎಲ್ಲೋ ಹೋಗಿ ಸಾಕ್ಷಿ ಹುಡುಕಿ ತಂದಿದ್ದಳು.

"ಯಾರು ಬರೆದದ್ದು ಅಂತ ನೋಡೋಕಾಗುತ್ತಾ? ಹಿಂದೆ ಒಂದು ಪಟ್ಟಿ ಇರುತ್ತಂತೆ."

ಉದ್ದಜಡೆ ಮೊಬೈಲು ತೆಗೆದು ಬೆರಳಾಡಿಸಿದಳು. "ಗಿಣಿಯಮ್ಮ ಅಂತಿದೆ. ಮೇಲಿಂದ ಕೆಳಗೆ ಅದೇ ಹೆಸರು."

ದೊಡ್ಡ ಸಿಸ್ಟರ್ ಚಹಾದ ಲೋಟ ಕೆಳಗಿಟ್ಟರು. "ಅದು ನನ್ನ ಸೊಸೆ," ಎಂದರು. ದನಿ ಸಾಲದು ಎನಿಸಿ, ಬಾಗಿಲಲ್ಲಿ ನಿಂತಿದ್ದ ತರಬೇತಿಯ ಹುಡುಗಿಯರಿಗೂ ಕೇಳುವ ಹಾಗೆ ಮತ್ತೆ ಹೇಳಿದರು. "ಇದನ್ನ ಬರ್ದಿರೋದು ನನ್ನ ಸೊಸೆ. ನಮ್ಮ ಮನೇಲೇ ಕೂತು ಬರ್ದಿರೋದು."

ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೂ ಅದನ್ನೇ ಹೇಳಿದರು.

ಮನೆಯಲ್ಲಿ ಮಾತ್ರ ಹೇಳಲು ನಾಲಿಗೆ ಏಳಲಿಲ್ಲ. ಗುರುವಾರ, ಶುಕ್ರವಾರ, ಶನಿವಾರ ಹೀಗೇ ಕಳೆದವು. ಸೊಸೆ ಎಂದಿನಂತೆ ಊಟ ಬಡಿಸಿದಳು, ಎಂದಿನಂತೆ ಮಾತ್ರೆ ತಂದಿಟ್ಟಳು. ಭಾನುವಾರ ಊಟ ಮುಗಿದದ್ದೇ ದೊಡ್ಡ ಸಿಸ್ಟರ್ ಮಗನನ್ನು ಸಿಂಕಿನಿಂದ ಪಕ್ಕಕ್ಕೆ ಸರಿಸಿ ತಾವೇ ತಟ್ಟೆ ಉಜ್ಜಲು ನಿಂತರು.

"ಏನಮ್ಮ ಇದು?"

"ನೀನು ಉಜ್ಜಿದ್ರೆ ಜಿಡ್ಡು ಹೋಗಲ್ಲ. ಮೂರು ತಿಂಗಳಿಂದ ನೋಡ್ತಿದೀನಿ."

ಮೂರು ಗಂಟೆಗೆ ಕೋಣೆಯ ಬಾಗಿಲು ತಟ್ಟಿದರು. ಆ ಮನೆಯಲ್ಲಿ ಅವರು ಬಾಗಿಲು ತಟ್ಟಿ ಒಳಗೆ ಹೋದದ್ದು ಅದೇ ಮೊದಲು.

"ನನಗೆ ಐದು ನಿಮಿಷ ಬೇಕು," ಎಂದರು. "ನಿನ್ನ ಜನದ ಹತ್ರ ಮಾತಾಡ್ಬೇಕು."

ಸೊಸೆ ಅವರ ಮುಖ ನೋಡಿದಳು. ಏನೂ ಕೇಳದೆ ಕುರ್ಚಿ ಬಿಟ್ಟುಕೊಟ್ಟಳು.

"ಹೋದ ವಾರ ಮುಚ್ಚಳ ಮುಚ್ಚಿದ್ದು ನಾನು," ಎಂದು ದೊಡ್ಡ ಸಿಸ್ಟರ್ ಪರದೆಗೆ ಹೇಳಿದರು. "ಅದು ತಪ್ಪು. ನಾನು ಹೇಳಿದ್ದೂ ತಪ್ಪು. ವಾರ್ಡಿಗೆ ಹೋಗಿ ಕೇಳ್ಕೊಂಡು ಬಂದೆ. ಕಾಯಬೇಕು ಅನ್ನೋದೇ ಸರಿ. ನನ್ನ ಸೊಸೆ ಬರೆದದ್ದು ಸರಿ." ಒಂದು ಉಸಿರು ಎಳೆದುಕೊಂಡು ಆ ಆಯಾಳ ಕಥೆಯನ್ನೂ ಹೇಳಿದರು. ಗದರಿಸಿದ್ದನ್ನೂ ಬಿಡಲಿಲ್ಲ.

ಗಡಿಯಾರದವನು ಮೊದಲು ಬಾಯಿ ತೆರೆದ. "ಹೋದ ವಾರ ನನ್ನ ನಾಲಿಗೇನೂ ಸ್ವಲ್ಪ ಉದ್ದ ಆಯ್ತು ಅಮ್ಮ. ಮನಸ್ಸಿಗೆ ತಗೋಬೇಡಿ."

"ತಗೊಂಡಿದ್ದೆ. ಈಗ ಬಿಟ್ಟೆ."

"ಅಮ್ಮ, ನಿಮ್ಮ ಪುಸ್ತಕ ಹತ್ತಿರ ಇದೆಯಾ?" ಎಂದರು ಮೇಷ್ಟ್ರು.

"ಅದನ್ಯಾಕೆ ಕೇಳ್ತೀರಿ ಬಿಡಿ. ಹಳೇದು."

"ಹಳೇದು ಅಂತಲೇ ಕೇಳ್ತಿದೀನಿ. ಮೊದಲು ಹೇಗೆ ಮಾಡ್ತಿದ್ರು, ಈಗ ಹೇಗೆ ಬದಲಾಯ್ತು ಅಂತ ಒಂದು ಭಾಗ ಬೇಕು ಆ ಪುಟಕ್ಕೆ. ಮೊದಲಿನದಕ್ಕೆ ನಮ್ಮ ಭಾಷೇಲಿ ಅಚ್ಚಾದ ಸಾಕ್ಷಿ ನಮ್ಮ ಯಾರ ಹತ್ರಾನೂ ಇರಲಿಲ್ಲ. ನಿಮ್ಮ ಹತ್ರ ಇದೆ."

ದೊಡ್ಡ ಸಿಸ್ಟರ್ ಸೊಸೆಯ ಕಡೆ ತಿರುಗಿದರು. ಸೊಸೆ ತಲೆಯಾಡಿಸಿದಳು. ಪುಸ್ತಕ ತರಲು ಎದ್ದವರ ಹೆಜ್ಜೆಯಲ್ಲಿ ಎಪ್ಪತ್ತು ವರ್ಷ ಕಾಣುತ್ತಿರಲಿಲ್ಲ.

ಅಂದು ಇಬ್ಬರೂ ಒಂದೇ ಮೇಜಿನ ಮುಂದೆ ಮೊಣಕೈಗೆ ಮೊಣಕೈ ತಾಗಿಸಿ ಕೂತರು. ಅತ್ತೆ ಹೇಳುವುದು, ಸೊಸೆ ಬೆರಳಚ್ಚು ಮಾಡುವುದು. "ಕತ್ತರಿಸತಕ್ಕದ್ದು" ಬೇಡ, "ಕತ್ತರಿಸಬೇಕು" ಸಾಕು ಎಂದು ಅತ್ತೆ. ಅದು ಪುಸ್ತಕದಲ್ಲಿ ಹಾಗೇ ಇದೆ, ಉದ್ಧರಣೆ ಬದಲಾಯಿಸುವ ಹಾಗಿಲ್ಲ ಎಂದು ಸೊಸೆ. ಇಬ್ಬರೂ ಜಗಳಾಡಿದರು, ಆದರೆ ಇಸ್ತ್ರಿಯ ಬಟ್ಟೆಗಾಗಿ ಆಡುವಂಥ ಜಗಳ ಅದಲ್ಲ.

"ಆ ಆಯಾ?" ಎಂದು ದೊಡ್ಡ ಸಿಸ್ಟರ್ ಕೊನೆಯಲ್ಲಿ ಕೇಳಿದರು.

ಸೊಸೆಯ ಬೆರಳು ನಿಂತವು. "ಅವರ ವಿಷಯ ಹಾಕೋಕಾಗಲ್ಲ ಅತ್ತೆ. ಎಲ್ಲೂ ಅಚ್ಚಾಗಿಲ್ಲ."

"ಎಲ್ಲೂ ಇಲ್ಲ," ಎಂದು ಅವರು ಒಪ್ಪಿಕೊಂಡರು. "ಅವಳು ಹೇಳೋಕೆ ಬಂದಾಗ ನಾನೇ ಬಾಯಿ ಮುಚ್ಚಿಸಿದೆ."

"ಹಳೇ ಸೂಲಗಿತ್ತಿಯರ ಬಗ್ಗೆ ಯಾರಾದ್ರೂ ಬರ್ದಿದಾರಾ ಅಂತ ಹುಡುಕ್ತೀನಿ. ಲೈಬ್ರರಿಯಲ್ಲಿ ಕೇಳ್ತೀನಿ. ಸಿಕ್ಕೇ ಸಿಗುತ್ತೆ."

ಸಿಕ್ಕಿತು, ಎರಡು ವಾರ ಹಿಡಿಯಿತು. ಯಾವುದೋ ಹಳೆಯ ಆರೋಗ್ಯ ಪತ್ರಿಕೆಯ ಲೇಖನವೊಂದರಲ್ಲಿ, ಕೆಲವು ಸೂಲಗಿತ್ತಿಯರು ಬಳ್ಳಿಯ ಮಿಡಿತ ನಿಲ್ಲುವವರೆಗೆ ಕಾಯುತ್ತಿದ್ದರು ಎಂದು ಒಂದು ಸಾಲಿತ್ತು. ಆ ಒಂದು ಸಾಲಿಗಾಗಿ ಸೊಸೆ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಲೈಬ್ರರಿಯ ಧೂಳು ಕುಡಿದು ಬಂದಿದ್ದಳು. ಪುಟದಲ್ಲಿ ಆ ಸಾಲು ಸೇರಿದ ದಿನ ದೊಡ್ಡ ಸಿಸ್ಟರ್ ಅದನ್ನು ಎರಡು ಸಲ ಓದಿದರು. ಅಡುಗೆಮನೆಗೆ ಹೋಗಿ, ಸೊಸೆಗೆ ಇಷ್ಟವಾಗುವ ಹಾಗೆ ಹಾಲು ಹೆಚ್ಚು ಹಾಕಿ ಚಹಾ ಮಾಡಿ ತಂದುಕೊಟ್ಟರು.

ಇದಾದ ತಿಂಗಳಲ್ಲಿ ಉದ್ದಜಡೆಯ ಫೋನು ಬಂತು. ಅವಳ ಹತ್ತಿರ ತರಬೇತಿಗೆ ಬಂದ ಎಂಟು ಹುಡುಗಿಯರಿದ್ದರು. ಅವರಿಗೂ ಬರೆಯಬೇಕಂತೆ. ದೊಡ್ಡ ಸಿಸ್ಟರ್ ಫೋನಿನಲ್ಲೇ, "ಭಾನುವಾರ ಮೂರು ಗಂಟೆ. ಒಂದು ನಿಮಿಷ ತಡ ಆದ್ರೆ ಒಳಗೆ ಬಿಡಲ್ಲ," ಎಂದು ವಾರ್ಡಿನ ದನಿಯಲ್ಲಿ ಹೇಳಿದರು. ಅದೇ ವಾರ ಮೇಷ್ಟ್ರಿಗೆ ಕಣ್ಣಿನ ಆಪರೇಷನ್. ಸಭೆಯನ್ನು ಯಾರು ನಡೆಸಬೇಕು ಎಂದು ಮಾತು ಬಂದಾಗ ಮೇಷ್ಟ್ರು ಎರಡನೆಯ ಹೆಸರು ಹೇಳಲಿಲ್ಲ. ಗಿಣಿಯಮ್ಮನೇ ನಡೆಸಲಿ ಎಂದರು.

ಸೊಸೆ ಹೆದರಿದಳು. "ನಾನು ಅಂಗಡಿಯವಳು ಅತ್ತೆ. ಅವರೆಲ್ಲ ಓದಿದ ಹುಡುಗೀರು."

"ಅವರು ಓದಿದ್ದು ನೀನು ಬರೆದದ್ದನ್ನ," ಎಂದರು ದೊಡ್ಡ ಸಿಸ್ಟರ್. "ತಲೆ ಬಾಚ್ಕೋ ಹೋಗು. ಬಿಳಿ ಕೋಟು ಇಸ್ತ್ರಿ ಮಾಡಿಟ್ಟಿದೀನಿ."

"ಮನೇಲಿ ಕೋಟು ಯಾಕೆ?"

"ನಾನು ಪಾಠ ಮಾಡೋವಾಗ ಹಾಕ್ಕೊಳ್ತಿದ್ದೆ. ನಿನಗಿಷ್ಟ ಇಲ್ಲ ಅಂದ್ರೆ ಬೇಡ."

ಸೊಸೆ ಹಾಕಿಕೊಂಡಳು.

ಮೂರು ಗಂಟೆಗೆ ಪರದೆಯಲ್ಲಿ ಹೊಸ ಚೌಕವೊಂದು ತೆರೆಯಿತು. ವಾರ್ಡಿನ ಪಕ್ಕದ ಸಣ್ಣ ಕೋಣೆ, ಮೇಜಿನ ಸುತ್ತ ಎಂಟು ಹುಡುಗಿಯರು, ಹಿಂದೆ ಉದ್ದಜಡೆ. ಗಡಿಯಾರದವನು ಎಲ್ಲರಿಗೂ ನಮಸ್ಕಾರ ಹೇಳಿದ. ಹಾಸ್ಟೆಲಿನ ಹುಡುಗ ಅಷ್ಟು ಹುಡುಗಿಯರನ್ನು ಕಂಡು ತನ್ನ ಕ್ಯಾಮೆರಾ ಆರಿಸಿಕೊಂಡ. ಸೊಸೆ ಗಂಟಲು ಸರಿಮಾಡಿಕೊಂಡು, ಪುಟ ತೆರೆಯುವುದು ಹೇಗೆ, ಒಂದು ಸಾಲು ಸೇರಿಸುವುದು ಹೇಗೆ, ಆಧಾರ ಕೊಡುವುದು ಹೇಗೆ ಎಂದು ಒಂದೊಂದಾಗಿ ತೋರಿಸಿದಳು. ಮೊದಲ ಹತ್ತು ನಿಮಿಷ ಅವಳ ದನಿ ತೆಳ್ಳಗಿತ್ತು. ಆಮೇಲೆ ಅದು ನೆಲೆಗೆ ಬಂತು. ಮಗ ಬಾಗಿಲ ಚೌಕಟ್ಟಿಗೆ ಒರಗಿ, ಒರೆಸುತ್ತಿದ್ದ ತಟ್ಟೆಯನ್ನು ಕೈಯಲ್ಲೇ ಮರೆತು ನಿಂತಿದ್ದ. ದೊಡ್ಡ ಸಿಸ್ಟರ್ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಗಿಣಿಯ ಹಳೆಯ ನೋಟುಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು.

ಹುಡುಗಿಯರಲ್ಲಿ ಒಬ್ಬಳು ಕೈ ಎತ್ತಿದಳು. "ಒಂದು ಪ್ರಶ್ನೆ. ಅವಳಿ ಮಕ್ಕಳಾದ್ರೆ ಬಳ್ಳಿ ವಿಷಯದಲ್ಲಿ ಹೇಗೆ ಮಾಡಬೇಕು? ಪುಟದಲ್ಲಿ ಅದಿಲ್ಲ."

ದೊಡ್ಡ ಸಿಸ್ಟರ್ ಬಾಯಿ ತೆರೆದರು. ಅವಳಿ ಹೆರಿಗೆ ಎಷ್ಟು ಮಾಡಿಸಿದ್ದಾರೋ ಅವರಿಗೇ ಲೆಕ್ಕವಿಲ್ಲ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಎಂಟು ಹುಡುಗಿಯರ ಕಣ್ಣೂ ಅವರ ಕಡೆ ತಿರುಗಿದವು, ಉದ್ದಜಡೆಯದೂ ತಿರುಗಿತು. ಅವರು ಬಾಯಿ ಮುಚ್ಚಿಕೊಂಡು, ಪೆನ್ನಿನ ತುದಿಯಿಂದ ಸೊಸೆಯ ಕಡೆ ತೋರಿಸಿದರು.

"ಅದು ನನಗೆ ಗೊತ್ತಿಲ್ಲ," ಎಂದಳು ಸೊಸೆ, ಸ್ವಲ್ಪವೂ ಅಳುಕದೆ. "ಬನ್ನಿ, ಎಲ್ಲರೂ ಸೇರಿ ಹುಡುಕೋಣ. ಸಿಕ್ಕಿದ ಮೇಲೆ ನೀವೇ ಬರೀರಿ, ಪ್ರಶ್ನೆ ಕೇಳಿದ್ದು ನೀವು."

ದೊಡ್ಡ ಸಿಸ್ಟರ್ ಅದನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡರು. ಮೂವತ್ತನಾಲ್ಕು ವರ್ಷದಲ್ಲಿ ತಾವು ತರಬೇತಿಯವರಿಗೆ ಕೊಟ್ಟ ಉತ್ತರಗಳಲ್ಲಿ ಇಷ್ಟು ಒಳ್ಳೆಯದು ಒಂದೂ ಅವರಿಗೆ ನೆನಪಾಗಲಿಲ್ಲ. ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, ಸ್ಟೂಲನ್ನು ಇನ್ನೊಂದಿಷ್ಟು ಸೊಸೆಯ ಪಕ್ಕಕ್ಕೆ ಎಳೆದುಕೊಂಡರು.